ನಾನು ಉಜ್ಜಿ ಕಳೆದ ಬಂಗಾರ

ಅಪ್ಪಾ,

ನಿನ್ನ ಕಿವಿಯ ಮಷೀನು ಬಂದ ದಿನ ನೆನಪಿದೆಯೇ? ಅಂಗಿಯ ಜೇಬಿನಲ್ಲಿ ಡಬ್ಬಿ, ಅಲ್ಲಿಂದ ಕಿವಿಗೆ ವೈರು. ಇಳಕಲ್ಲಿನಲ್ಲಿ ಜೀವಮಾನವಿಡೀ ಪತ್ತಾರಿಕೆ ಮಾಡಿ ಬಂಗಾರದ ಒಡವೆ ಬಡಿದವನು ನೀನು. ಕೇಳಿಸುತ್ತದೋ ಇಲ್ಲವೋ ನೋಡುವ ಮೊದಲೇ ವೈರಿನ ಪಿನ್ನನ್ನು ಬೆಳಕಿಗೆ ಹಿಡಿದೆ.

"ಬಂಗಾರದ ನೀರು ಹಾಕ್ಯಾರಲ್ಲೋ! ಒಳಗ ಹೋಗೂ ಪಿನ್ನಿಗೆ ಯಾಕ?"

"ಶೋಕಿಗೆ, ಅಪ್ಪಾ," ಎಂದೆ ನಾನು, ಮೊಬೈಲು ರಿಪೇರಿಯ ದೊಡ್ಡ ಜಾಣ.

"ಶೋಕಿ ಅಲ್ಲ. ಬಂಗಾರ ಬೆವರಿಗೆ ಕಪ್ಪಾಗಂಗಿಲ್ಲ, ನೋಡ."

ಮಷೀನು ಮೊದಲ ಸಲ ಗರಗರ ಎಂದಾಗ ನಾನು ಮಾಡಿದ್ದೇನು? ನಮ್ಮ ಮನೆಯಲ್ಲಿ ಯಾವ ಲೋಹವೇ ಇರಲಿ, ಉಜ್ಜಿ ಮಿಂಚಿಸುವುದೇ ರೂಢಿ. ನಿನ್ನದೇ ಪೆಟ್ಟಿಗೆಯಿಂದ ನುಣುಪು ಮರಳುಕಾಗದ ತೆಗೆದು ಪಿನ್ನು ಉಜ್ಜಿದೆ. ಥಳಥಳ ಹೊಳೆಯಿತು, ಸದ್ದೂ ಸರಿಯಾಯಿತು. ಹೊಳೆದದ್ದು ಹಿತ್ತಾಳೆ, ಅಪ್ಪಾ. ಬಂಗಾರ ಕಾಗದಕ್ಕೆ ಹತ್ತಿಕೊಂಡು ಹೋಗಿತ್ತು. ನಿನಗೆ ತೋರಿಸಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ. ನಾನು ತೋರಿಸದೆ ಸಿಗಿಸಿಬಿಟ್ಟೆ.

ಆ ಬೇಸಿಗೆಯಲ್ಲಿ ನಿನ್ನ ಅಂಗಿ ಬೆವರಿನಿಂದ ಒಣಗಲೇ ಇಲ್ಲ. ನಾನು ಉಜ್ಜಿದಷ್ಟೂ ಪಿನ್ನು ಬೇಗ ಬೇಗ ಕಪ್ಪಾಗತೊಡಗಿತು, ಗರಗರವೂ ಹೆಚ್ಚಿತು. "ಬಾಗಲಕೋಟಿ ದವಾಖಾನಿಗೆ ಒಯ್ಯೋ, ಕಿವಿ ತೋರಸ್ತೇನಿ," ಎಂದೆ ನೀನು.

"ವಯಸ್ಸಾತು, ಕಿವಿ ಹೋಗೂದ. ಏನ್ ತೋರಸ್ತಿ?" ಎಂದು ನಾನು ಕೂಗಿ ಹೇಳಿದೆ. ನೀನು ನಂಬಿದೆ. ಮಷೀನನ್ನು ಪೆಟ್ಟಿಗೆಯಲ್ಲಿಟ್ಟು, ನನ್ನ ಅಂಗಡಿಗೆ ಬರುವುದನ್ನೂ ಬಿಟ್ಟೆ. ಕೊನೆಯ ಒಂದು ವರ್ಷ ಅವ್ವ ಕೈಸನ್ನೆ ಮಾಡುತ್ತಿದ್ದಳು, ನೀನು ಗೋಡೆಯ ಕಡೆ ಹೊರಳಿ ಮಲಗಿರುತ್ತಿದ್ದೆ. ಆಗ ಏನು ಯೋಚಿಸುತ್ತಿದ್ದೆ, ಅಪ್ಪಾ? ನಾವೆಲ್ಲ ನಿನ್ನನ್ನು...

ಮೊನ್ನೆ ಆ ಪೆಟ್ಟಿಗೆ ತೆಗೆದೆ. ಹೊಸ ಸೆಲ್ಲು ಹಾಕಿ, ಮೊದಲ ಬಾರಿಗೆ ಅದನ್ನು ನನ್ನ ಕಿವಿಗೆ ಇಟ್ಟುಕೊಂಡೆ. ಹೌದು, ಮೊದಲ ಬಾರಿಗೆ. ಗಟ್ಟಿಮುಟ್ಟಾದ ನನ್ನ ಕಿವಿಗೂ ಗರಗರ ಬಿಟ್ಟರೆ ಬೇರೇನೂ ಕೇಳಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ಆ ವೈರಿನಲ್ಲಿ ಹರಿಯುವ ಕರೆಂಟು ತೀರಾ ಬಡಪಾಯಿ, ಕಿಲುಬಿನ ಒಂದು ಪೊರೆಯನ್ನೂ ದಾಟಲಾರದು. ಅದಕ್ಕೇ ಬಂಗಾರ. ನೀನು ಅವತ್ತೇ ಹೇಳಿದ್ದೆ.

ಬಂಗಾರದ ಪಿನ್ನಿನ ಹೊಸ ವೈರು ಹಾಕಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಅವ್ವನ ಬಳೆ, ಎಲ್ಲ ಕಿವಿಗೆ ಬಂದು ಬಡಿಯಿತು.

"ಏನರ ಕೇಳಾಕತ್ತೈತೇನೋ?" ಎಂದಳು ಅವ್ವ.

"ಎಲ್ಲಾ ಕೇಳಾಕತ್ತೈತಿ."

"ಹಂಗಾರ ಅವರಿಗ್ಯಾಕ ಕೇಳಲಿಲ್ಲ?"

ನಾನು ವೈರು ಸುತ್ತಿ ಪೆಟ್ಟಿಗೆ ಮುಚ್ಚಿದೆ. ಇವತ್ತು ಊಟಕ್ಕೆ ಕೂತಾಗ ಅವಳಿಗೆ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು: ನಿನ್ನ ಕಿವಿ ಹೋಗಿರಲಿಲ್ಲ, ಅಪ್ಪಾ.