ಬಿಸಿಲಿಗೆ ಹಾಕಿದ ಕೌದಿ

ಪಾರ್ಥಿವ ಸಂವತ್ಸರ, ವೈಶಾಖ ಬಹುಳ ಬಿದಿಗೆ. ಮಸ್ಕಿ.

ಇಂದೂ ಕೌದಿ ತೊಳೆದೆ. ಅಕ್ಕ ಏಳುವ ಮೊದಲೇ ಹಿತ್ತಲಲ್ಲಿ ಒಣಹಾಕಿ ಅಂಗಡಿ ತೆರೆದೆ. ಮಗ ಗುಂಡನಿಗೆ ಒಂಬತ್ತು ತುಂಬಿತು. ದೀಪಾವಳಿಗೆ ಅವನ ತಾಯಿ ಶಿವಬಸಮ್ಮ ತೀರಿಕೊಂಡಾಗಿನಿಂದ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಅವಳು ಇದ್ದಾಗ ಇದು ಇರಲಿಲ್ಲ.

ಇಷ್ಟು ದಿನ ಮುಚ್ಚಿಟ್ಟದ್ದು ಅಕ್ಕನಿಗೆ ಗೊತ್ತಾಯಿತು.

"ಸೂಜಿ ಕಾಸಿ ತೊಡಿಗೆ ಒಂದು ಬರಿ ಕೊಡು ಜಂಬಣ್ಣ. ತಾನ ನಿಂದ್ರತೈತಿ."

ಗುಂಡ ಬಾಗಿಲ ಹಿಂದೆ ಇದ್ದ.

ಬಹುಳ ಷಷ್ಠಿ.

ಇಲ್ಲಿಯ ಶಾಲೆ ನಾಲ್ಕನೆಯ ಜಮಾತಿಗೆ ಮುಗಿಯುತ್ತದೆ. ಕಾರಹುಣ್ಣಿಮೆ ಕಳೆದರೆ ಅಕ್ಕ ಪಾಮನಕಲ್ಲೂರಿಗೆ, ತನ್ನ ಮನೆಗೆ. ಹುಡುಗನನ್ನು ಬೋರ್ಡಿಂಗಿಗೆ ಬಿಡಲೇಬೇಕು.

ಪಕ್ಕದ ಬಟ್ಟೆ ಅಂಗಡಿಯ ದಾವಲ್‌ಸಾಬ್ ಕೇಳಿ ಹುರುಪಾದ. "ಸಿಂಧನೂರಾಗ ಬಿಡ್ರಿ ಸಾವ್ಕಾರ. ಉರ್ದು ಛಲೋ ಕಲಸ್ತಾರ. ನಾಳೆ ನಿಮ್ಮ ಗುಂಡ ಕಚೇರ್ಯಾಗ ಕುರ್ಚಿ ಮ್ಯಾಲ ಕುಂತ್ರ, ನಾ ಸಲಾಂ ಹೊಡದು ಹೊರಗ ನಿಂದ್ರಬೇಕು ನೋಡ್ರಿ!"

ನಕ್ಕೆವು. ಹಾಸಿಗೆಯ ಮಾತು ಅವನಿಗೂ ಹೇಳಲಿಲ್ಲ.

ಬಹುಳ ನವಮಿ. ಸಿಂಧನೂರು, ಬೆಳಿಗ್ಗೆ.

ನಿನ್ನೆ ಸಂಜೆ ಬಂದೆ. ದೊಡ್ಡ ಬೋರ್ಡಿಂಗು. ಕಲ್ಲುಹಾಸು, ಸುಣ್ಣ ಬಳಿದ ಗೋಡೆ, ಊಟವೂ ಚೆನ್ನ. ಎಲ್ಲ ಕೇಳಿದೆ. ಕೇಳಬೇಕಾದದ್ದು ಬಾಯಿಗೆ ಬರಲಿಲ್ಲ...

ಬೆಳಿಗ್ಗೆ ಅಂಗಳದಲ್ಲಿ ಹುಡುಗರು ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಒಬ್ಬ ಮಾತ್ರ ಬೇರೆ ನಿಂತಿದ್ದ. ತಲೆಯ ಮೇಲೆ ಒದ್ದೆ ಹಾಸಿಗೆ. ನೀರು ಕಿವಿಯ ಮೇಲಿಂದ ಇಳಿಯುತ್ತಿತ್ತು.

"ನಮ್ಮಲ್ಲಿ ಶಿಸ್ತು ನೋಡ್ರಿ," ಅಂದರು ಅಲ್ಲಿಯ ಮೇಲ್ವಿಚಾರಕರು.

ನೋಡಿದೆ. ಬಂಡಿ ಹತ್ತಿದೆ.

ಜ್ಯೇಷ್ಠ ಶುದ್ಧ ಪಂಚಮಿ. ಲಿಂಗಸುಗೂರು.

ದಂಡಿನ ಛಾವಣಿಯ ಹಿಂದೆ ಕರಿಬಸಯ್ಯ ಮಾಸ್ತರರ ಮನೆ. ಬೋರ್ಡಿಂಗು ಎನ್ನಬೇಕೋ ಏನೋ. ಹನ್ನೊಂದು ಹುಡುಗರು, ಒಂದು ಪಡಸಾಲೆ, ಒಂದು ಎಮ್ಮೆ. ಉರ್ದುವಿಗೆ ಮುನ್ಷಿ ವಾರಕ್ಕೆ ಎರಡು ದಿನ ಬರುತ್ತಾರಂತೆ. ದಾವಲ್‌ಸಾಬನ ಕುರ್ಚಿ ಇಲ್ಲಿಂದ ದೂರ.

ರಾತ್ರಿ ಅಲ್ಲೇ ಮಲಗಿದೆ. ಬೆಳಿಗ್ಗೆ ಹಿತ್ತಲ ಗೋಡೆಯ ತುಂಬ ಕೌದಿಗಳು. ಹನ್ನೊಂದೂ. ಮಾಸ್ತರರ ಹೆಂಡತಿ ಕೊನೆಯದನ್ನು ಹರವುತ್ತಿದ್ದರು.

"ದಿನಾ ಎಲ್ಲಾರ್ದೂ ಹಾಕ್ತೀರೇನ್ರಿ ಅಮ್ಮಾ?"

"ಹೂಂನ್ರಿ. ಒಂದೆರಡ ಹಾಕಿದ್ರ ಯಾರ್ದು ಯಾರ್ದು ಅಂತ ಕೇಳ್ತಾವ, ಕಪಿಗೋಳು." ಆಮೇಲೆ ನನ್ನ ಮುಖ ನೋಡಿದರು. "ಹುಡುಗಗ ತಾಯಿ ಇಲ್ಲೇನು?"

"ಇಲ್ರಿ."

"ಹಂಗಾದ್ರ ಎರಡು ಕೌದಿ ಕಳಸ್ರಿ."

ಅಷ್ಟೇ. ಬೇರೆ ಏನೂ ಕೇಳಲಿಲ್ಲ. ಹೆಸರು ಬರೆಸಿದೆ.

ಶುದ್ಧ ಸಪ್ತಮಿ. ಮಸ್ಕಿ.

ಅಕ್ಕ: "ಮಂದಿ ಸಾಲಿ ನೋಡ್ತಾರ, ಮಾಸ್ತರನ್ನ ನೋಡ್ತಾರ. ನೀ ಕೌದಿ ನೋಡಿ ಬಂದಿ!"

ಹೌದು.

ಜ್ಯೇಷ್ಠ ಬಹುಳ ಬಿದಿಗೆ.

ಗುಂಡನನ್ನು ಬಿಟ್ಟು ಬಂದೆ. ಎರಡು ಕೌದಿ ಕಟ್ಟಿದ್ದೆ. ಒಂದು ಹಳೆಯದು. ಇನ್ನೊಂದು ಶಿವಬಸಮ್ಮ ತನ್ನ ಹಸಿರು ಸೀರೆ ಹರಿದು ಹೊಲಿದದ್ದು. ಹೊರಡುವಾಗ ಗುಂಡ ಗಂಟು ಬಿಚ್ಚಿ ಅದನ್ನು ತೆಗೆದಿಟ್ಟ.

"ಇದು ಬ್ಯಾಡಪ್ಪ. ಕೆಡತೈತಿ."

"ತೊಳದ್ರ ಆತು."

"ತೊಳದು ತೊಳದು ಅವ್ವನ ಸೀರಿ ಹರಿತೈತಿ."

ಹಳೆಯದೊಂದನ್ನೇ ಒಯ್ದ.

ಆಷಾಢ ಶುದ್ಧ ದಶಮಿ.

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋಗುತ್ತೇನೆ. ತೊಳೆಯಲು ಏನೂ ಇಲ್ಲ.

ಲಿಂಗಸುಗೂರಿನಿಂದ ಬಂದ ಬಂಡಿಯ ನರಸಣ್ಣ ಹೇಳಿದ: "ಮಳಿ ಹತ್ಯಾದ, ಒಂದು ಕೌದಿ ಒಣಗವಲ್ಲದು ಅಂತ ಅಮ್ಮಾರು ಹೇಳ್ಯಾರ್ರಿ. ಇನ್ನೊಂದು ಕೊಡಬೇಕಂತ. ಹೊಚಗೊಳ್ಳಾಕ ಹೊಲದದ್ದು, ಪೆಟಿಗ್ಯಾಗ ಇಡಾಕಲ್ಲ ಅಂದ್ರು."

ಹಾಗಾದರೆ ಗುಂಡ ಅವರಿಗೆ ಹೇಳಿದ್ದಾನೆ. ಆ ಒಂದು ದಿನ ಬಿಟ್ಟರೆ ನನ್ನ ಹತ್ತಿರ ತಾಯಿಯ ಮಾತೇ ಎತ್ತದವನು.

ಹಸಿರು ಕೌದಿ ಮಡಿಸಿ ಕೊಟ್ಟೆ.

ಆಷಾಢ ಬಹುಳ ಪಂಚಮಿ. ಲಿಂಗಸುಗೂರು, ಬೆಳಿಗ್ಗೆ ಎಂಟು.

ಅಂಗಡಿಯ ಸಾಮಾನಿಗೆ ಬಂದೆ. ಮಳೆ ಬಿಡುವು ಕೊಟ್ಟಿದೆ. ಬಂಡಿಯಿಂದಲೇ ಗೋಡೆ ಕಂಡಿತು. ಎಲ್ಲರ ಕೌದಿಗಳ ನಡುವೆ ಹಸಿರಿನದು. ತೊಳೆದು ಹಾಕಿದ್ದೋ, ಬರೀ ಬಿಸಿಲಿಗೆ ಹಾಕಿದ್ದೋ — ತಿಳಿಯಲಿಲ್ಲ. ಗೋಡೆಯ ತನಕ ಹೋದೆ. ಮುಟ್ಟಿದರೆ ತಿಳಿಯುತ್ತಿತ್ತು.

ಮುಟ್ಟಲಿಲ್ಲ.

ಒಳಗೆ ಮಗ್ಗಿ ಹೇಳುತ್ತಿದ್ದಾರೆ. ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದು ದನಿ ಉಳಿದವರಿಗಿಂತ ಮುಂದೆ ಓಡುತ್ತಿದೆ, ಅದು ಗುಂಡನದೇ ಇರಬೇಕು.