ಆಕಾಶಕ್ಕಾಗಿ ಗುಡಿಸಿದ ಕಾಡು

ಲುಗಂಬೊ, ಪಶ್ಚಿಮ ಟಾಂಜಾನಿಯಾ

ಕಾಡಿನ ಇಂಗಾಲ ಅಳೆಯುವ ಕಚೇರಿಯ ಗದ್ದುಗೆಯಲ್ಲಿ ವಿರಾಜಮಾನರಾದ ಮಾನ್ಯರೇ,

ನಮ್ಮ ಹಳ್ಳಿಯ ಕಾಡು ಇಲ್ಲವೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಉಪಗ್ರಹ ತೆಗೆದ ಚಿತ್ರದಲ್ಲಿ ಅದು ಕಾಣಲಿಲ್ಲವಂತೆ. ಲೆಕ್ಕಕ್ಕೆ ಹಿಡಿಯುವಷ್ಟು ಇಂಗಾಲ ಅಲ್ಲಿಲ್ಲವಂತೆ. ಆದ್ದರಿಂದ ಆ ‘ಬಂಜರು’ ಮೊದಲ ಮಳೆ ಬೀಳುತ್ತಲೇ ಹೊಗೆಸೊಪ್ಪಿನ ಕಂಪನಿಯೊಂದರ ಪಾಲಾಗಲಿದೆಯಂತೆ. ಇಲ್ಲದ ಕಾಡಿಗೆ ಕಂಪನಿಯವರು ಇಷ್ಟೊಂದು ಕೊಡಲಿಗಳನ್ನು ಏಕೆ ತರಿಸಿದ್ದಾರೆ ಎಂಬುದು ನನ್ನ ಮೊದಲ ಪ್ರಶ್ನೆ. ತಾವು ನಿಧಾನವಾಗಿ ಯೋಚಿಸಿ ಉತ್ತರಿಸಬಹುದು. ಮಳೆ ಮಾತ್ರ ನಿಧಾನಿಸುವುದಿಲ್ಲ.

ಆದದ್ದು ಇಷ್ಟು. ಜುಲೈಯಲ್ಲಿ ತಮ್ಮ ಸುತ್ತೋಲೆ ಬಂತು: ‘ಮುಂದಿನ ವಾರ ಉಪಗ್ರಹವು ನಿಮ್ಮ ಕಾಡನ್ನು ವೀಕ್ಷಿಸಲಿದೆ, ಸಹಕರಿಸಿ.’ ವೀಕ್ಷಿಸಲು ಬರುವವರೆಂದರೆ ಅತಿಥಿಗಳು. ಅತಿಥಿ ಬರುವಾಗ ಅಂಗಳದಲ್ಲಿ ಹುಲ್ಲುಕಡ್ಡಿ ಉಳಿದರೂ ನಮ್ಮವರಿಗೆ ಮಾನ ಹೋದಂತೆ. ಬರೀ ಮಣ್ಣು ಹೊಳೆಯಬೇಕು. ಊರ ಸಭೆಯಲ್ಲಿ ಜೇನು ಸಾಕುವ ಮಿಲೆಂಬೆ ಅಜ್ಜಿ ಎದ್ದು ನಿಂತಳು. “ಅಷ್ಟು ದೂರದಿಂದ, ಅದೂ ಆಕಾಶದಿಂದ ಬರ್ತಾರೆ. ಕಾಡನ್ನ ಹಿಂಗೇ ಬಿಟ್ಕೊಂಡು ಕೂತ್ರೆ ಏನಂದ್ಕೋತಾರೆ?” ಊರ ನಾಟಕದಲ್ಲಿ ಜೀವಮಾನವೆಲ್ಲ ರಾಜನ ವೇಷ ಕಟ್ಟಿದವನು ನಾನು. ಅದೇ ದನಿಯಲ್ಲಿ ಗುಡುಗಿದೆ: “ಗುಡಿಸಿರಿ!” ಹೆಂಗಸರು ತರಗೆಲೆ ಗುಡಿಸಿದರು. ಗಂಡಸರು ಒಣಹುಲ್ಲಿಗೆ ಹದವಾಗಿ ಬೆಂಕಿ ಕೊಟ್ಟರು; ಒಂದು ಮರವೂ ಸುಡಲಿಲ್ಲ. ಜುಲೈ ನಮ್ಮಲ್ಲಿ ಒಣಗಾಲ, ಮರಗಳು ಎಲೆ ಉದುರಿಸುವ ಹೊತ್ತು. ಮೇಲೆ ಬೋಳು ಕೊಂಬೆ, ಕೆಳಗೆ ಕಪ್ಪು ನೆಲ. ಉಪಗ್ರಹ ಹಾಯುವ ಬೆಳಿಗ್ಗೆ ಹಬ್ಬದ ಬಟ್ಟೆ ತೊಟ್ಟು, ಮೇಲೆ ನೋಡುತ್ತ ಎಲ್ಲರೂ ಕೈಬೀಸಿದೆವು. ಅದು ನಿಲ್ಲಲಿಲ್ಲ.

ಚಿತ್ರದ ತೀರ್ಪು: ಸುಟ್ಟ ಬಂಜರು. ಆ ಚಿತ್ರ ನೋಡಿ ತಾವು ಬರೆಸಿದ ನಕ್ಷೆಯಲ್ಲಿ ಹಸಿರಾಗಿ ಉಳಿದಿರುವುದು ತಮ್ಮ ಕಚೇರಿಯ ಆವರಣದ ಮಾವಿನ ಮರಗಳು ಮಾತ್ರ. ಸುತ್ತಲಿನ ಇಂಗಾಲವೆಲ್ಲ ತಮ್ಮ ಕಾರು ನಿಲ್ಲುವ ನೆರಳಿನಲ್ಲಿ ಶೇಖರವಾಗಿದೆ. ಜೋಪಾನ.

ಈ ವಾರ ಗಡಿ ಗುರುತಿಸಲು ತಾವು ಕಳುಹಿಸಿದ ಸರ್ವೆಯವರು, ಎಲಿಫಾಸಿ ಎಂಬುವರು, ಬಂದರು. ಅಷ್ಟರಲ್ಲಿ ಕಾಡು ಚಿಗುರಿತ್ತು. ನಮ್ಮ ಮರಗಳು ಮಳೆಯ ದಾರಿ ಕಾಯುವುದಿಲ್ಲ. ಮೊದಲೇ ಎಲೆ ಬಿಡುತ್ತವೆ, ಅದೂ ಕೆಂಪಗೆ. ಎಲಿಫಾಸಿ ಬೆವರೊರೆಸಿಕೊಳ್ಳುತ್ತ ಮಿಲೆಂಬೆಯ ಜೇನುಗೂಡು ತೂಗುವ ಮರದ ಕೆಳಗೆ ನಿಂತು ನಕ್ಷೆ ಬಿಡಿಸಿದರು.

“ಅಜ್ಜಿ, ಸ್ವಲ್ಪ ಸರೀರಿ. ಇಲ್ಲಿ ಮರ ಇಲ್ಲ, ಗೂಟ ಹೊಡೀಬೇಕು.”

“ಇದೇನಪ್ಪಾ ಮತ್ತೆ?”

“ಕಾಣಿಸ್ತಾ ಇದೆ ಅಜ್ಜಿ. ಆದ್ರೆ ನಕ್ಷೇಲಿಲ್ಲ.”

“ಹಂಗಾದ್ರೆ ಬಿಸಿಲಿಗೆ ಬಾ ಮಗಾ. ಇಲ್ಲದ ಮರದ ನೆರಳಲ್ಲಿ ಸರ್ಕಾರದೋರು ನಿಲ್ಲಬಾರ್ದು.”

ಪ್ರಾಮಾಣಿಕ ಮನುಷ್ಯ, ಬಿಸಿಲಿಗೆ ಬಂದರು. “ನಾನೂ ಜೇನು ನೆಕ್ಕಿ ಬೆಳೆದೋನೇ ಅಜ್ಜಿ. ಹೊಸ ಚಿತ್ರ ಬಂದ್ರೆ ನಕ್ಷೆ ತಿದ್ದಬಹುದು. ಅದು ನನ್ನ ಕೈಲಿಲ್ಲ.”

“ನಿನ್ನ ಕೈಲಿ ಸುತ್ತಿಗೆ ಇದೆಯಲ್ಲ, ಅದನ್ನ ಕೆಳಗಿಡು. ಉಗಾಲಿ ಮುದ್ದೆ ಬಿಸಿಯಾಗಿದೆ, ಉಂಡು ಹೋಗು.”

ಉಂಡು ಹೋದರು. ಗೂಟ ಹೊಡೆಯಲಿಲ್ಲ. ಆದರೆ ನಾಳೆ ಬರುವವರು ಹೊಡೆದಾರು. ಮಿಲೆಂಬೆಯ ಜೇನಷ್ಟೇ ಅಲ್ಲ, ಊರಿನ ಉಪ್ಪು, ಸೋಪು, ಮಕ್ಕಳ ಶಾಲೆಯ ಬಟ್ಟೆ ಎಲ್ಲ ಬರುವುದು ಈ ಮರಗಳಿಂದಲೇ.

ಹೊಸ ಚಿತ್ರ ಬೇಕೆಂದು ಕೇಳಿಕೊಂಡೆವು. ತಮ್ಮ ಉತ್ತರ: ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಜುಲೈ ಚಿತ್ರವೇ ಅಂತಿಮ. ಅಂದರೆ ಎಲೆಯಿದ್ದಾಗ ನೋಡಲಾಗದು, ನೋಡಲಾಗುವಾಗ ಎಲೆಯಿರದು, ಆದ್ದರಿಂದ ಕಾಡೇ ಇಲ್ಲ. ರಂಗದ ಮೇಲೆ ಎಷ್ಟೋ ಅನ್ಯಾಯದ ತೀರ್ಪು ಕೊಟ್ಟಿದ್ದೇನೆ ಸ್ವಾಮಿ. ಇಷ್ಟು ಅಚ್ಚುಕಟ್ಟಾದದ್ದು ನನ್ನ ಬಾಯಿಗೆ ಬಂದಿರಲಿಲ್ಲ. ಇಂಗಾಲದ ದೊಡ್ಡ ಪಾಲು ಇರುವುದು ಕಾಂಡದಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ. ಎಲೆ ಉದುರಿದ ಮಾತ್ರಕ್ಕೆ ಮರವೇ ಇಲ್ಲವೆನ್ನುವುದಾದರೆ, ಅಂಗಿ ಬಿಚ್ಚಿ ಸ್ನಾನಕ್ಕಿಳಿದ ಅಧಿಕಾರಿಯ ಹುದ್ದೆಯೂ ಆ ಹೊತ್ತಿಗೆ ಖಾಲಿ ಎಂದು ಬರೆದುಕೊಳ್ಳೋಣವೇ?

ಈಗ ಎಲೆ ಬಂದಿದೆ, ಮೋಡ ಇನ್ನೂ ಬಂದಿಲ್ಲ. ವರ್ಷಕ್ಕೊಮ್ಮೆ ಸಿಗುವ ಈ ನಾಲ್ಕು ದಿನದಲ್ಲೇ ಇನ್ನೊಂದು ಚಿತ್ರ ತೆಗೆಸಿ. ಟೇಪು ಹಿಡಿದ ಒಬ್ಬರನ್ನೂ ಕಳುಹಿಸಿ. ಕಾಂಡಗಳ ಸುತ್ತಳತೆಯನ್ನು ಚಿತ್ರದ ಪಕ್ಕದಲ್ಲಿಟ್ಟು ಲೆಕ್ಕ ಹಾಕಲಿ. ಅಲ್ಲಿಯವರೆಗೆ ಕಾಡನ್ನು ಯಾರಿಗೂ ಒಪ್ಪಿಸಬೇಡಿ. ಚಿತ್ರ ಕೆಂಪಾಗಿ ಬಂದರೆ ಕಾಡ್ಗಿಚ್ಚೆಂದು ಬರೆಯಬೇಡಿ.

ಈ ಸಲ ನಾವು ಗುಡಿಸುವುದಿಲ್ಲ. ಅತಿಥಿಯ ಮುಂದೆ ಕಸ ಹಾಗೇ ಬಿಡುವುದೆಂದರೆ ಮಿಲೆಂಬೆಗೆ ಜೀವ ಹೋದಂತಾಗುತ್ತಿದೆ. ಪೊರಕೆಯನ್ನು ನಾನೇ ಬಚ್ಚಿಟ್ಟಿದ್ದೇನೆ. ದಯಮಾಡಿ ಬೇಗ ಬನ್ನಿ. ಅವಳು ಹುಡುಕುತ್ತಿದ್ದಾಳೆ.

ಇಂತಿ,
ಇಲ್ಲದ ಮರದ ನೆರಳಲ್ಲಿ ಕೂತು ಬರೆದ,
ಮಿಹಾಯೊ ಕಪೆಲಾ
(ನಾಟಕದಲ್ಲಿ ರಾಜ, ನಕ್ಷೆಯಲ್ಲಿ ಬಂಜರಿನ ನಿವಾಸಿ)