ರಾಮನಾಥಪುರದ ಮೇಲೆ ಈಜಿಪ್ಟಿಗೆ

ಹೊಳೆನರಸೀಪುರ
೧೩-೨-೨೦೦೫, ಭಾನುವಾರ

ಪ್ರೀತಿಯ ಪಾರೂ,

ನಾವು ಇಲ್ಲಿ ಚೆನ್ನಾಗಿದ್ದೇವೆ. ನೀವು ಚೆನ್ನಾಗಿರುವುದನ್ನು ರಾಮನಾಥಪುರದ ಬಸ್ಸಿನವರನ್ನು ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದೇನೆ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ ಎಂದು ಬರೆಯಲು ಹೋಗಿ ನನಗೇ ನಗು ಬಂತು. ಎಂಟು ವರ್ಷಕ್ಕೆ ತಡ ಅನ್ನುತ್ತಾರೇನೇ? ನಿನ್ನ ಶ್ರೀಗೌರಿ, ನನ್ನ ಜಯಂತ ಒಬ್ಬರನ್ನೊಬ್ಬರು ಮೆಚ್ಚಿದ್ದು, ನೀನು ಜಾತಕ ಕಳಿಸಿದ್ದು, ಕೂಡಿಬರಲಿಲ್ಲ ಎಂದು ನಾನು ಬರೆದದ್ದು, ಅಲ್ಲಿಂದಾಚೆಗೆ ನಾವಿಬ್ಬರೂ ಮಾತು ಬಿಟ್ಟದ್ದು, ಇದನ್ನೆಲ್ಲ ಈ ಕಾಗದದಲ್ಲಿ ಎತ್ತುವುದಿಲ್ಲ ಎಂದು ಶಪಥ ಮಾಡಿ ಕುಳಿತಿದ್ದೇನೆ. ಯಾಕೆಂದರೆ ಇವತ್ತು ಹೇಳಬೇಕಾದ ಸುದ್ದಿ ಬೇರೆಯೇ ಇದೆ.

ಪಾರೂ, ನಾನು ಈಜಿಪ್ಟಿಗೆ ಹೊರಟಿದ್ದೇನೆ ಕಣೇ! ನಾಡಿದ್ದು ಮಂಗಳವಾರ ರಾತ್ರಿ ಬೆಂಗಳೂರಿನಿಂದ ವಿಮಾನ. ಜಿಲ್ಲೆಯ ನಿವೃತ್ತ ಮೇಷ್ಟ್ರುಗಳು ಹದಿನಾಲ್ಕು ಜನ ಸೇರಿ ಗುಂಪು ಕಟ್ಟಿಕೊಂಡಿದ್ದೇವೆ. ಅರಕಲಗೂಡಿನ ನೀಲಾಂಬಿಕೆಯೂ ಇದ್ದಾಳೆ. ನಮ್ಮ ಯಜಮಾನರು ಬರುವುದಿಲ್ಲ. "ಬಿಸಿಲು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕೇ? ಏಪ್ರಿಲ್‌ನಲ್ಲಿ ಚನ್ನರಾಯಪಟ್ಟಣಕ್ಕೆ ಹೋದ್ರೆ ಸಾಲ್ದಾ?" ಎಂದರು. ಪಕ್ಕದ ಮನೆ ಗುರುಸಿದ್ದಮ್ಮ ಅವರಿಗಿಂತ ಒಂದು ಕೈ ಮೇಲು. "ಸತ್ತೋರ್ ಸಮಾಧಿ ನೋಡಕ್ಕೆ ಇಮಾನ ಅತ್ಕೊಂಡು ಓಗ್ಬೇಕಾ ಮೇಡಮ್ಮೋರೆ? ನಮ್ಮೂರಲ್ಲಿ ಸತ್ತಿಲ್ವಾ ಯಾರೂ?" ಎನ್ನುತ್ತಾಳೆ.

ಅವರಿಗೇನು ಗೊತ್ತು, ಹೇಳು. "ಈಜಿಪ್ಟ್ ನೈಲ್ ನದಿಯ ವರಪ್ರಸಾದ, ಸಮರ್ಥಿಸಿ" ಎಂಬ ಪ್ರಶ್ನೆಯನ್ನು ಮೂವತ್ತೊಂದು ವರ್ಷ ಕೇಳಿದವಳು ನಾನು. ಐದಕ್ಕೆ ನಾಲ್ಕರ ಮೇಲೆ ಯಾರಿಗೂ ಕೊಡಲಿಲ್ಲ. ನಾನೇ ಕಣ್ಣಲ್ಲಿ ಕಾಣದ್ದಕ್ಕೆ ಪೂರ್ತಿ ಅಂಕ ಹೇಗೆ ಕೊಡಲಿ? ನಾನು ಇತಿಹಾಸ ಮುಗಿಸಿ ಹೊರಗೆ ಬಂದರೆ ನೀನು ಭೂಗೋಳದ ನಕ್ಷೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದೆ. ನೀನು ನೀಲಿ ಸೀಮೆಸುಣ್ಣದಲ್ಲಿ ನೈಲ್ ಬರೆದರೆ ಅದು ಬೋರ್ಡಿನ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿತ್ತು. "ಮಿಸ್, ನೀರು ಮ್ಯಾಕ್ಕೆ ಎಂಗ್ ಅರೀತದೆ?" ಎಂದು ಎದ್ದು ನಿಂತ ಪಾಲಾಕ್ಷನನ್ನು ನೀನು ಪೀರಿಯಡ್ಡು ಮುಗಿಯುವವರೆಗೂ ಕೂರಿಸಲಿಲ್ಲ. ಅವನ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೋ.

ಹಾಸನದಲ್ಲಿ ಓದುವಾಗ ಸಾಲಗಾಮೆ ರಸ್ತೆಯ ಆ ಬಾಡಿಗೆ ಕೋಣೆಯಲ್ಲಿ ಕುಳಿತು ನಾವು ಒಂದು ಪಟ್ಟಿ ಮಾಡಿದ್ದೆವಲ್ಲ, "ಈಜಿಪ್ಟಿಗೆ ಹೋದರೆ ನೋಡತಕ್ಕ ಸ್ಥಳಗಳು" ಎಂದು? ನಿನ್ನ ನೋಟ್‌ಬುಕ್ಕಿನ ಕೊನೆಯ ಹಾಳೆ. ಅದು ನನ್ನ ಹತ್ತಿರ ಇದೆ. ಮಡಿಕೆಗಳಲ್ಲಿ ಹರಿದಿದ್ದಕ್ಕೆ ಹಿಂದೆ ಅಂಟು ಹಚ್ಚಿ ಕಾಗದ ಮೆತ್ತಿ ಬ್ಯಾಗಿಗೆ ಹಾಕಿದ್ದೇನೆ. ಮೊದಲು ಗೀಝಾದ ಪಿರಮಿಡ್ಡು. ಒಂಟೆ ಹತ್ತಲೇಬೇಕು ಎಂದು ನೀನು ಕೆಂಪು ಇಂಕಿನಲ್ಲಿ ಬರೆದಿದ್ದೀಯ. ಐವತ್ತೊಂಬತ್ತರ ಮಂಡಿ ಇಟ್ಟುಕೊಂಡು ಒಂಟೆ! ಹತ್ತುತ್ತೇನೆ, ಇಳಿಸುವುದು ಒಂಟೆಯವನ ಪಾಡು. ಕೈರೋದ ಮ್ಯೂಸಿಯಮ್ಮಿಗೆ ಒಂದೇ ದಿನ ಕೊಟ್ಟಿದ್ದಾರೆ, ಅದಕ್ಕೆ ನಾನು ಈಗಾಗಲೇ ಜಗಳ ಆಡಿದ್ದೇನೆ. ಕಾರ್ನಾಕಿನ ಗುಡಿಯಲ್ಲಿ ನೂರಮೂವತ್ತನಾಲ್ಕು ಕಂಬವಂತೆ. ನಮ್ಮ ಹಳೇಬೀಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಎಣಿಸುವ ಹಾಗೆ ಒಂದೊಂದನ್ನೂ ಮುಟ್ಟಿ ಎಣಿಸುತ್ತೇನೆ, ಒಂದು ಕಡಿಮೆಯಾದರೂ ಬಿಡುವುದಿಲ್ಲ. ಅಸ್ವಾನಿನಲ್ಲಿ ಹಾಯಿದೋಣಿ. ನನಗೆ ಈಜು ಬರುವುದಿಲ್ಲ, ಹೇಮಾವತಿಯಲ್ಲಿ ಮೊಣಕಾಲಿನ ಮೇಲೆ ಇಳಿದವಳಲ್ಲ, ಆದರೂ ನೈಲಿನಲ್ಲಿ ಕೈ ಅದ್ದುತ್ತೇನೆ. ಕಾಶಿಗೆ ಹೋದವರು ಗಂಗೆ ತಂದ ಹಾಗೆ ಒಂದು ಗಿಂಡಿ ನೈಲ್ ತರುತ್ತೇನೆ. ನಿಮ್ಮೂರ ಕಾವೇರಿಗೆ ಸುರಿಯೋಣ. ನಿನ್ನ ಪರವಾಗಿ ಇನ್ನೇನು ನೋಡಬೇಕು ಎಂಬುದನ್ನು ಹೇಳು.

ಪಟ್ಟಿಯ ಕೊನೆಯಲ್ಲಿ ಅಬು ಸಿಂಬೆಲ್. ಬಂಡೆ ಕೊರೆದು ಮಾಡಿದ ಗುಡಿ. ಅಣೆಕಟ್ಟೆಯ ನೀರಿಗೆ ಸಿಗದಿರಲಿ ಎಂದು ಇಡೀ ಗುಡಿಯನ್ನು ಕೊಯ್ದು ಮೇಲಕ್ಕೆ ಎತ್ತಿಟ್ಟರು ಎಂದು ನೀನೇ ಪೇಪರಿನಲ್ಲಿ ಓದಿ ಹೇಳಿದ್ದೆ. ವರ್ಷಕ್ಕೆ ಎರಡೇ ಸಲ ಬೆಳಗಿನ ಬಿಸಿಲು ಅದರ ಗರ್ಭಗುಡಿಯವರೆಗೂ ಹೋಗುತ್ತದೆ. ಒಂದು ಫೆಬ್ರವರಿ ಇಪ್ಪತ್ತೆರಡು. ಆ ದಿನ ನಾವು ಅಲ್ಲಿರುತ್ತೇವೆ!

ಪೇಚು ಬಂದದ್ದೂ ಅಲ್ಲಿಂದಲೇ. ಇಪ್ಪತ್ತೆರಡಕ್ಕೆ ಅಲ್ಲಿರಬೇಕಾದರೆ ಮಂಗಳವಾರವೇ ಹೊರಡಬೇಕು. ನಮ್ಮ ಯಜಮಾನರು ಪಂಚಾಂಗ ಹಿಡಿದು ಕೂತರು. "ಮಂಗಳವಾರ ಮನೆ ಬಿಟ್ಟು ಹೊರಡ್ತಾರೇನೇ? ಹೋಗು, ಬೇಡ ಅನ್ನಲ್ಲ. ಪ್ರಸ್ಥಾನ ಇಟ್ಟು ಹೋಗು" ಎಂದರು. ನಿಮ್ಮಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ. ಒಳ್ಳೆಯ ದಿನ ನಾವು ಹೊರಡಲಾಗದಿದ್ದರೆ ನಮ್ಮದೊಂದು ಗಂಟನ್ನು ಆ ದಿನವೇ ಹೋಗುವ ದಿಕ್ಕಿನ ಇನ್ನೊಬ್ಬರ ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಹೊರಡುವ ದಿನ ಆ ಮನೆಗೆ ಹೋಗಿ, ಗಂಟು ತೆಗೆದುಕೊಂಡು ಹಾಗೇ ಮುಂದಕ್ಕೆ. ಗಂಟು ಬಿಟ್ಟು ಹೋಗುವ ಹಾಗಿಲ್ಲ.

"ಈಜಿಪ್ಟ್ ಇರೋದು ಪಡುವಣಕ್ಕೆ. ಆ ಕಡೆ ಯಾರ ಮನೆ?" ಎಂದು ಕೇಳಿದರು. ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡೇ ಪಡುವಣಕ್ಕೆ ಗುರುಸಿದ್ದಮ್ಮನ ಮನೆ ಇದೆ. ನಾನು ಥಟ್ಟನೆ "ರಾಮನಾಥಪುರದ ಪಾರೂ ಮನೆ" ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಬೆಂಗಳೂರಿಗೆ ಹೋಗೋಳು ರಾಮನಾಥಪುರಕ್ಕೆ ಹೋಗ್ತೀಯಾ? ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯ್ತು" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಹೋಗಿ ಬಾ, ಒಳ್ಳೇದಾಯ್ತು" ಎಂದೂ ಅಂದರು.

ಪಾಲಾಕ್ಷ ಈಗ ನಿಮ್ಮೂರ ಬಸ್ಸಿನಲ್ಲಿ ಕಂಡಕ್ಟರು. ನಿನ್ನೆ ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದೆ. "ಕೊಡಿ ಮಿಸ್, ಪಾರ್ವತಮ್ಮ ಮಿಸ್ ಕೈಗೇ ಕೊಟ್ಬುಟ್ ಬತ್ತೀನಿ. ಆದ್ರೆ ಒಳಕ್ ಮಾತ್ರ ಓಗಕಿಲ್ಲ. ನೈಲ್ ನದಿ ಎಲ್ಲುಟ್ತದೆ ಅಂತ ಕೇಳಿ ನಿಲ್ಸ್ಬುಟ್ರೆ ಬಸ್ಸು ಯಾರ್ ಬುಡ್ತಾರೆ?" ಎಂದ. ನಾಳೆ ಸೋಮವಾರ, ರಾಹುಕಾಲಕ್ಕೆ ಮುಂಚೆ ಆರೂವರೆಯ ಬಸ್ಸಿನಲ್ಲಿ ಗಂಟು ಹೊರಡುತ್ತದೆ. ಈ ಕಾಗದವೂ ಅದರ ಜೊತೆಗೇ. ನಾನು ಉಡಬೇಕಾದ ಹಸಿರು ಸೀರೆ, ಒಂದು ಹಿಡಿ ಅಕ್ಕಿ, ಕೊಬ್ಬರಿ, ಅಡಿಕೆ, ಇನ್ನೂ ಒಂದು ವಸ್ತು ಅದರಲ್ಲಿದೆ. ಮಂಗಳವಾರ ಅದೇ ಬಸ್ಸಿಗೆ ನಾನು.

ಸೂಟ್‌ಕೇಸಿನ ತುಂಬ ಹುಳಿಯವಲಕ್ಕಿ, ಚಟ್ನಿಪುಡಿ. ಶೂ ಹಾಕಿ ಅಭ್ಯಾಸವಾಗಲಿ ಎಂದು ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು ದಿನಾ ಕೋಟೆ ಬೀದಿ ಸುತ್ತುತ್ತಿದ್ದೇನೆ. ಊರಿಗೆ ಊರೇ ನಗುತ್ತಿದೆ. ಜಯಂತನ ಮಗ ಯಶಸ್ ಮಾತ್ರ "ಅಜ್ಜಿ, ಮಮ್ಮಿ ತಗೊಂಡ್ ಬಾ" ಎಂದು ಹಟ ಹಿಡಿದಿದ್ದಾನೆ.

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ಶ್ರೀಗೌರಿಗೆ ನನ್ನ ಆಶೀರ್ವಾದ, ಅವಳು ಬೇಕೆಂದರೆ. ನಿಮ್ಮ ಹೊಲದ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬರಲಿ, ಮನೆ ತಣ್ಣಗಿರಲಿ.

ನಿನ್ನ
ವಸಂತ

ತಾ.ಕ.: ಶಪಥ ಮುರಿಯುತ್ತಿದ್ದೇನೆ. ಪ್ರಸ್ಥಾನದ ಗಂಟನ್ನು ಇಟ್ಟುಕೊಂಡವರು ಬಿಚ್ಚಬಾರದು ಎನ್ನುತ್ತಾರೆ. ನೀನು ಬಿಚ್ಚು. ಸೀರೆಯ ಮಡಿಕೆಯಲ್ಲಿ ಶ್ರೀಗೌರಿಯ ಜಾತಕ ಇದೆ. ನೀನು ಕಟ್ಟಿದ ಅರಿಸಿನದ ದಾರ, ನೀನು ಹಾಕಿದ ಗಂಟು, ಹಾಗೇ ಇದೆ, ನೋಡು. ನಾನು ಅದನ್ನು ಬಿಚ್ಚಲೇ ಇಲ್ಲ ಪಾರೂ. ಯಾವ ಜೋಯಿಸರಿಗೂ ತೋರಿಸಲಿಲ್ಲ. ನೀವು ಬೇರೆ ಜಾತಿ ಎಂದು ನಿನ್ನ ಮುಖಕ್ಕೆ ಹೇಳುವ ಧೈರ್ಯ ಬರಲಿಲ್ಲ. ಇಪ್ಪತ್ತು ವರ್ಷ ನಿನ್ನ ಡಬ್ಬಿಯಲ್ಲಿ ಕೈ ಹಾಕಿ ತಿಂದವಳು ಅದನ್ನು ಯಾವ ಬಾಯಲ್ಲಿ ಹೇಳಲಿ? ಕೂಡಿಬರಲಿಲ್ಲ ಎಂದು ಒಂದು ಕಾರ್ಡು ಗೀಚಿ ಕೈ ತೊಳೆದುಕೊಂಡೆ. ಜಯಂತನಿಗೂ ಹಾಗೇ ಹೇಳಿ ನಂಬಿಸಿದೆ. ಆ ಮಾತು ಹಿಡಿದು ಶ್ರೀಗೌರಿಯ ಜಾತಕದಲ್ಲಿ ದೋಷವಿದೆ ಎಂದು ಮೂರು ಕಡೆಯವರು ವಾಪಸು ಹೋದರಂತೆ. ಹೋದ ತಿಂಗಳು ನೀಲಾಂಬಿಕೆ ಹೇಳಿದಳು. ಮೂವತ್ತಮೂರಾಯಿತಂತೆ ಮಗುವಿಗೆ. ದೋಷ ಅವಳದ್ದಲ್ಲ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು, ಮೊದಲು ಅವಳಿಗೆ ತೋರಿಸು. ಜಯಂತನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವನು ಸೂಟ್‌ಕೇಸಿಗೆ ಬೀಗ ಹಾಕಿಕೊಟ್ಟು ಹೊರಗೆ ಹೋದ.

ಮಂಗಳವಾರ ಬೆಳಿಗ್ಗೆ ಬರುತ್ತೇನೆ. ಗಂಟನ್ನು ಜಗುಲಿಯ ಮೇಲೆ ಇಟ್ಟಿದ್ದರೆ ಎತ್ತಿಕೊಂಡು ಅದೇ ಬಸ್ಸಿಗೆ ವಾಪಸು ಹೋಗುತ್ತೇನೆ, ಬಾಗಿಲು ತಟ್ಟುವುದಿಲ್ಲ. ಒಳಗೆ ಇಟ್ಟಿದ್ದರೆ, ಒಳಗೆ ಬರುತ್ತೇನೆ.